ಚಳಿಗೆ ಏಳದ ಟ್ರ್ಯಾಕ್ಟರ್: ಹೊಸ ಬ್ಯಾಟರಿ ತರುವ ಮೊದಲು

ಎರಡು ದಿನ ಹಿಮ ಸುರಿದು ನಿಂತಿದೆ. ಆಕಾಶ ತಿಳಿಯಾಗಿದೆ, ಅಂದರೆ ಚಳಿ ಇನ್ನೂ ಜಾಸ್ತಿ. ಬೆಳಿಗ್ಗೆ ಆರೂವರೆಗೆ ಮೈನಸ್ 22 ಡಿಗ್ರಿ ಸೆಲ್ಸಿಯಸ್. ಮನೆಯಿಂದ ರಸ್ತೆವರೆಗಿನ ದಾರಿ ತೆರವು ಮಾಡದೆ ಕಾರು ಹೊರಗೆ ಬರಲ್ಲ. ಟ್ರ್ಯಾಕ್ಟರ್ ಹತ್ತಿ ಕೀ ತಿರುಗಿಸಿದರೆ ಇಂಜಿನ್ "ಹೂಂ... ಹೂಂ..." ಅಂತ ನರಳುತ್ತದೆ. ಮೂರನೇ ಸಲಕ್ಕೆ ಬರೀ ಟಿಕ್ ಅನ್ನುವ ಸದ್ದು.

ಉತ್ತರ ಮಿನ್ನೆಸೋಟಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಟ್ರ್ಯಾಕ್ಟರ್ ಹೀಗೇ ಮಾಡಿತು. ಅಂಗಡಿಯವರು ಬ್ಯಾಟರಿ ಅಂದರು. ನಾನೂ ಕಣ್ಣು ಮುಚ್ಚಿ ಹೊಸದು ತಂದು ಹಾಕಿದೆ. ಮಾರನೇ ದಿನ ಮತ್ತೆ ಅದೇ ನರಳಾಟ. ಈಗ ಇಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟಾರ್ ಹೋಗಿರಬೇಕು ಅಂದರು. ಅಲ್ಲಿಗೆ ನಾನು ದುಡ್ಡು ಸುರಿಯುವುದು ನಿಲ್ಲಿಸಿ ಮೀಟರ್ ಕೈಗೆ ತಗೊಂಡೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಿಷಿಗನ್‌ನಲ್ಲೋ ಕೆನಡಾದಲ್ಲೋ ಎರಡು ಎಕರೆ ಜಾಗ ತಗೊಂಡು, ಹಿಮ ತೆಗೆಯಲು ಹಳೇ ಚಿಕ್ಕ ಟ್ರ್ಯಾಕ್ಟರ್ ಕೊಂಡ ನಮ್ಮವರು ಸಾಕಷ್ಟು ಜನ ಇದ್ದಾರೆ. ಅವರಿಗೆ ಉಪಯೋಗ ಆಗಬಹುದು.

ಊರಿನ ಟ್ರ್ಯಾಕ್ಟರ್‌ಗೂ ಇದಕ್ಕೂ ಏನು ವ್ಯತ್ಯಾಸ

ನಾನು ಹೇಳುತ್ತಿರುವುದು ಸುಮಾರು 18ರಿಂದ 35 ಎಚ್‌ಪಿ ಒಳಗಿನ, ಮೂರು ಸಿಲಿಂಡರ್ ಡೀಸೆಲ್ ಇಂಜಿನ್ ಇರುವ, ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಶನ್ನಿನ ಗಾಡಿಗಳ ಬಗ್ಗೆ. ಇವುಗಳಲ್ಲಿ ಗೇರ್ ಬದಲಿಸುತ್ತಾ ಓಡಿಸುವ ಕೆಲಸ ಇಲ್ಲ. ಇಂಜಿನ್ ಒಂದು ಪಂಪ್ ತಿರುಗಿಸುತ್ತದೆ, ಪಂಪ್ ಆಯಿಲ್ ತಳ್ಳುತ್ತದೆ, ಆಯಿಲ್ ಇನ್ನೊಂದು ಕಡೆ ಮೋಟಾರ್ ತಿರುಗಿಸುತ್ತದೆ, ಚಕ್ರ ಉರುಳುತ್ತದೆ. ಪೆಡಲ್ ಒತ್ತಿದಷ್ಟು ವೇಗ.

ಊರಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವವರು ಮೊದಲು ಕ್ಲಚ್ ತುಳಿಯುತ್ತಾರೆ. ಅದು ಸುಮ್ನೆ ಅಭ್ಯಾಸ ಅಲ್ಲ. ಕ್ಲಚ್ ತುಳಿದರೆ ಗೇರ್‌ಬಾಕ್ಸ್ ಬೇರೆಯಾಗುತ್ತದೆ, ಸೆಲ್ಫ್‌ಗೆ ಇಂಜಿನ್ ಒಂದನ್ನೇ ತಿರುಗಿಸುವ ಕೆಲಸ ಉಳಿಯುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸುವ ಹಳೇ ಡೀಸೆಲ್ ಪಂಪ್‌ಸೆಟ್ ನೋಡಿದವರಿಗೆ ಇನ್ನೊಂದು ಉಪಾಯವೂ ಗೊತ್ತು. ಸಿಲಿಂಡರಿನ ಒತ್ತಡ ಹೊರಬಿಡುವ ಡಿಕಂಪ್ರೆಶನ್ ಲಿವರ್ ಎತ್ತಿ ಹಿಡಿದು, ಚಕ್ರ ಚೆನ್ನಾಗಿ ಸುತ್ತು ಹೊಡೆದ ಮೇಲೆ ಬಿಡುವುದು. ಎರಡರ ಹಿಂದೆ ಇರುವ ವಿಚಾರ ಒಂದೇ: ಮೊದಲು ಭಾರ ಇಳಿಸು, ಆಮೇಲೆ ತಿರುಗಿಸು.

ಚಿಕ್ಕ ಹೈಡ್ರೋಸ್ಟ್ಯಾಟಿಕ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಈ ಅನುಕೂಲ ಇಲ್ಲ. ಇಂಜಿನ್ನಿಗೂ ಪಂಪಿಗೂ ನಡುವೆ ಕ್ಲಚ್ಚೇ ಇರುವುದಿಲ್ಲ. ಟ್ರಾನ್ಸ್‌ಮಿಶನ್ನಿನ ಪಿಸ್ಟನ್ ಪಂಪ್, ಅದಕ್ಕೆ ಆಯಿಲ್ ತುಂಬಿಸುವ ಚಾರ್ಜ್ ಪಂಪ್, ಲೋಡರ್ (ಮುಂದಿನ ಬಕೆಟ್) ಎತ್ತಲು ಮತ್ತು ಸ್ಟೀರಿಂಗಿಗೆ ಇರುವ ಗೇರ್ ಪಂಪ್, ಎಲ್ಲವೂ ಇಂಜಿನ್ ತಿರುಗಿದ ಕೂಡಲೇ ತಿರುಗಲೇಬೇಕು. ನ್ಯೂಟ್ರಲ್‌ನಲ್ಲಿ ಪಿಸ್ಟನ್ ಪಂಪ್ ಆಯಿಲ್ ತಳ್ಳುವುದಿಲ್ಲ ಅನ್ನುವುದು ನಿಜ. ಆದರೆ ಆಯಿಲ್ ಒಳಗೇ ಮುಳುಗಿ ಸುತ್ತುತ್ತಿರುತ್ತದಲ್ಲ, ಆ ಎಳೆತ ಎಲ್ಲಿಗೆ ಹೋಗುತ್ತದೆ? ಕೆಲವು ಮಾಡೆಲ್‌ಗಳಲ್ಲಿ ಕ್ಲಚ್ ಪೆಡಲ್ ಇದೆ. ನಿಮ್ಮದರಲ್ಲಿ ಇದ್ದರೆ ಅದೃಷ್ಟ, ಚಳಿಗಾಲದಲ್ಲಿ ತುಳಿದೇ ಸ್ಟಾರ್ಟ್ ಮಾಡಿ. ಅಂದಹಾಗೆ, ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಊರ ವಿದ್ಯೆ ಹೈಡ್ರೋಸ್ಟ್ಯಾಟಿಕ್‌ನಲ್ಲಿ ನಡೆಯಲ್ಲ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಲು ಹೋದರೆ ಟ್ರಾನ್ಸ್‌ಮಿಶನ್ ಹಾಳು.

ಜೋನಿ ಬೆಲ್ಲದ ಲೆಕ್ಕ

ನಮ್ಮ ಶಿರಸಿ ಕಡೆ ಜೋನಿ ಬೆಲ್ಲದ (ಪಾಕದಂಥ ದ್ರವ ಬೆಲ್ಲ) ಡಬ್ಬಿ ಬಗ್ಗಿಸಿದರೆ ಬೇಸಿಗೆಯಲ್ಲಿ ಒಂದು ತರ ಬೀಳುತ್ತದೆ, ಡಿಸೆಂಬರ್ ಬೆಳಿಗ್ಗೆ ಇನ್ನೊಂದು ತರ. ದೋಸೆ ತಣ್ಣಗಾಗುವವರೆಗೂ ಕಾಯಬೇಕು. ಹೈಡ್ರಾಲಿಕ್ ಆಯಿಲ್ ಕೂಡ ಹಾಗೇ, ಆದರೆ ಅದರ ಆಟ ಇನ್ನೂ ಜೋರು.

ಐಎಸ್‌ಒ ವಿಜಿ 46 ಅಂತ ಡಬ್ಬಿ ಮೇಲೆ ಬರೆದಿದ್ದರೆ, 40 ಡಿಗ್ರಿ ಬಿಸಿಯಲ್ಲಿ ಆ ಆಯಿಲ್ಲಿನ ದಪ್ಪ ಸುಮಾರು 46 ಸೆಂಟಿಸ್ಟೋಕ್ ಅಂತ ಅರ್ಥ. ಸಾಮಾನ್ಯ ಗುಣಮಟ್ಟದ ಆಯಿಲ್ ಆದರೆ ಅದೇ 0 ಡಿಗ್ರಿಗೆ 580ರ ಹತ್ತಿರ ಹೋಗುತ್ತದೆ. ಮೈನಸ್ 20ಕ್ಕೆ 4000 ದಾಟುತ್ತದೆ. ಅಂದರೆ ಹತ್ತಿರ ಹತ್ತಿರ ನೂರು ಪಟ್ಟು. ವಿಜಿ 32 ಆಗಿದ್ದರೆ ಮೈನಸ್ 20ರಲ್ಲಿ 2000 ಚಿಲ್ಲರೆ. ಅದೂ ಕಡಿಮೆ ಏನಲ್ಲ, ಆದರೂ ಅರ್ಧಕ್ಕರ್ಧ ಇಳಿಯಿತು.

ಇದೇ ಹೊತ್ತಿಗೆ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಸೀಸದ ಬ್ಯಾಟರಿ ಮೈನಸ್ 18ರಲ್ಲಿ ತನ್ನ ಬೇಸಿಗೆಯ ಶಕ್ತಿಯ ಅರ್ಧದಷ್ಟು ಕೊಟ್ಟರೆ ಹೆಚ್ಚು. ಬೇಡಿಕೆ ಏರುವುದೂ ಪೂರೈಕೆ ಇಳಿಯುವುದೂ ಒಂದೇ ಬೆಳಿಗ್ಗೆ ಆಗುವುದರಿಂದ, ಬ್ಯಾಟರಿ ಬದಲಿಸಿದಾಗ ಒಂದಿಷ್ಟು ವಾಸಿ ಆದಂತೆ ಕಾಣುತ್ತದೆ. ಅಲ್ಲೇ ನಾವು ಮೋಸ ಹೋಗುವುದು. ಹೊಸ ಬ್ಯಾಟರಿ ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಎಳೆದು, ಮುಂದಿನ ವರ್ಷ ಅದೂ ಸೋಲುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ತಿರುಗಿಸುವವನಿಗೆ ಬಲ ಸಾಲುತ್ತಿಲ್ಲವೋ, ತಿರುಗಬೇಕಾದದ್ದು ಭಾರವಾಗಿದೆಯೋ?

ಮೊದಲು ಕಿವಿ

ಕೀ ತಿರುಗಿಸಿದಾಗ ಇಂಜಿನ್ ಅಲ್ಲಾಡುವುದೇ ಇಲ್ಲ, ಸದ್ದೂ ಇಲ್ಲ ಅಂದರೆ ಅದು ಬೇರೆ ಕಾಯಿಲೆ. ಸೀಟಿನ ಸ್ವಿಚ್, ಪಿಟಿಒ (ಜೋಡಿಸಿದ ಯಂತ್ರಕ್ಕೆ ಇಂಜಿನ್ ಶಕ್ತಿ ಕೊಡುವ ಶಾಫ್ಟ್) ಸ್ವಿಚ್, ನ್ಯೂಟ್ರಲ್ ಸ್ವಿಚ್, ಫ್ಯೂಸ್ ನೋಡಿ. ಪೆಡಲ್ ಕೆಳಗೆ ಹಿಮ ಗಟ್ಟಿಯಾಗಿ ಕೂತು ಪೆಡಲ್ ಪೂರ್ತಿ ನ್ಯೂಟ್ರಲ್‌ಗೆ ಬಾರದಿದ್ದರೂ ಹೀಗಾಗುತ್ತದೆ. ನನಗೆ ಒಂದು ಸಲ ಆಗಿದೆ. ಬೂಟಿನಿಂದ ಒದ್ದು ಹಿಮ ಬಿಡಿಸಿದೆ, ಸರಿಹೋಯಿತು.

ಇಂಜಿನ್ ಚುರುಕಾಗಿ ತಿರುಗುತ್ತದೆ ಆದರೆ ಹೊತ್ತಿಕೊಳ್ಳುವುದಿಲ್ಲ ಅಂದರೆ ಗ್ಲೋ ಪ್ಲಗ್ ಅಥವಾ ಡೀಸೆಲ್. ಗ್ಲೋ ಪ್ಲಗ್ ಅಂದರೆ ನಮ್ಮ ಮೆಕ್ಯಾನಿಕ್‌ಗಳ ಹೀಟರ್ ಪ್ಲಗ್. ಬೇಸಿಗೆಯ ಡೀಸೆಲ್ ಟ್ಯಾಂಕಿನಲ್ಲೇ ಉಳಿದಿದ್ದರೆ ಚಳಿಗೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಥೇಟ್ ಕೊಬ್ಬರಿ ಎಣ್ಣೆ ಬಾಟಲಿ ಹಾಗೆ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳಲ್ಲ.

ನಮ್ಮ ವಿಷಯ ನಿಧಾನ ತಿರುಗುವುದು. ಎಷ್ಟು ನಿಧಾನ ಅಂತ ಲೆಕ್ಕ ಹಾಕಲು ಸುಲಭ ದಾರಿ ಇದೆ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಮೂರು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಒಂದೂವರೆ ಸಲ "ಧಕ್" ಅನ್ನುತ್ತದೆ. ಸೆಕೆಂಡಿಗೆ ಐದು ಧಕ್ ಕೇಳಿಸಿದರೆ ನಿಮಿಷಕ್ಕೆ 200 ಸುತ್ತು. ಎರಡೂವರೆ ಕೇಳಿಸಿದರೆ ಬರೀ 100. ಡೀಸೆಲ್ ಇಂಜಿನ್ ಗಾಳಿಯನ್ನು ಒತ್ತಿ ಬಿಸಿ ಮಾಡಿಯೇ ಬೆಂಕಿ ಹೊತ್ತಿಸಿಕೊಳ್ಳುವುದು. ನಿಧಾನ ಒತ್ತಿದರೆ ಗಾಳಿ ರಿಂಗ್ ಸಂದಿಯಲ್ಲಿ ಸೋರುತ್ತದೆ, ಬಿಸಿಯನ್ನು ತಣ್ಣನೆಯ ಸಿಲಿಂಡರ್ ಗೋಡೆ ಹೀರಿಕೊಳ್ಳುತ್ತದೆ. 200ರ ಆಸುಪಾಸು ಇದ್ದರೆ ನೆಮ್ಮದಿ. 100ರಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಬ್ಯಾಟರಿ ಖಾಲಿ ಆಗುವುದಷ್ಟೇ ಬಂತು.

ಖರ್ಚಿಲ್ಲದ ತಪಾಸಣೆ

ಮೀಟರ್ ತರುವ ಮುಂಚೆ ಲಿವರ್‌ಗಳನ್ನು ನೋಡಿ. ಹಿಮ ಊದುವ ಯಂತ್ರ, ಸೌದೆ ಸೀಳುವ ಯಂತ್ರ ಇಂಥವಕ್ಕೆ ಆಯಿಲ್ ಕೊಡುವ ಹಿಂದಿನ ಲಿವರ್ ಕೆಲವು ಗಾಡಿಗಳಲ್ಲಿ ಒತ್ತಿದ ಜಾಗದಲ್ಲೇ ಲಾಕ್ ಆಗಿ ಕೂರುತ್ತದೆ. ನಿನ್ನೆ ಸಂಜೆ ಕೆಲಸ ಮುಗಿಸಿ ಪೈಪ್ ಬಿಚ್ಚಿದಿರಿ, ಲಿವರ್ ಹಾಗೇ ಬಿಟ್ಟಿರಿ. ಇವತ್ತು ಬೆಳಿಗ್ಗೆ ಪಂಪ್ ಆಯಿಲ್ ತಳ್ಳುತ್ತದೆ, ಹೋಗಲು ದಾರಿ ಇಲ್ಲ. ಒತ್ತಡ ಮಿತಿ ಮೀರಿದಾಗ ಆಯಿಲ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆಯುವವರೆಗೂ ಒತ್ತಡ ಏರಬೇಕು. ಅಷ್ಟೂ ಒತ್ತಡ ಹುಟ್ಟಿಸಬೇಕಾದದ್ದು ಪಾಪ ಆ ಸೆಲ್ಫ್ ಮೋಟಾರ್.

ಒಂದು ಲೆಕ್ಕ ಹಾಕೋಣ. ಪಂಪ್ ಒಂದು ಸುತ್ತಿಗೆ 16 ಸಿಸಿ ಆಯಿಲ್ ತಳ್ಳುತ್ತದೆ, ರಿಲೀಫ್ 150 ಬಾರ್‌ಗೆ ತೆರೆಯುತ್ತದೆ ಅಂತಿಟ್ಟುಕೊಳ್ಳಿ. ಸಿಸಿಯನ್ನು ಬಾರ್‌ನಿಂದ ಗುಣಿಸಿ 62.8ರಿಂದ ಭಾಗಿಸಿದರೆ ಎಷ್ಟು ನ್ಯೂಟನ್ ಮೀಟರ್ ತಿರುಗಿಸುವ ಬಲ ಬೇಕು ಅಂತ ಸಿಗುತ್ತದೆ. ಇಲ್ಲಿ 38. ಲಿವರ್ ಸರಿಯಾಗಿ ನಡುವೆ ಇದ್ದು, ದಪ್ಪ ಆಯಿಲ್ ಸಣ್ಣ ಪೈಪಿನಲ್ಲಿ ನುಗ್ಗಲು 30 ಬಾರ್ ಕೇಳಿದರೂ 8ರೊಳಗೆ ಮುಗಿಯುತ್ತದೆ. ಒಂದು ಲಿವರ್ ಮರೆತದ್ದಕ್ಕೆ ಐದು ಪಟ್ಟು ದಂಡ!

ಹಾಗಾಗಿ ಎಲ್ಲಾ ಲಿವರ್ ನಡುವಿಗೆ ತನ್ನಿ. ಲೋಡರ್ ಮತ್ತು ಹಿಂದಿನ ಲಿಫ್ಟ್ ನೆಲಕ್ಕೆ ಇಳಿದಿರಲಿ. ಬ್ಯಾಕ್‌ಹೋ (ಹಿಂದೆ ಜೋಡಿಸುವ ಮಣ್ಣು ಅಗೆಯುವ ಯಂತ್ರ) ಬಿಚ್ಚಿಟ್ಟಿದ್ದರೆ ಅದರ ಎರಡು ಪೈಪಿನ ತುದಿಗಳನ್ನು ಒಂದಕ್ಕೊಂದು ಸೇರಿಸಬೇಕು ಅಂತ ಮ್ಯಾನುಯಲ್ ಹೇಳುತ್ತದೆಯೇ ನೋಡಿ. ಸೇರಿಸದೆ ಬಿಟ್ಟರೆ ಆಯಿಲ್ಲಿನ ದಾರಿಯೇ ಮುಚ್ಚಿರುತ್ತದೆ. ಪಿಟಿಒ ಆಫ್ ಇರಲಿ. ಸ್ಟೀರಿಂಗ್ ಮುಟ್ಟಬೇಡಿ. ಸ್ಟಾರ್ಟ್ ಆಗುವಾಗ ಸ್ಟೀರಿಂಗ್ ತಿರುಗಿಸಿದರೂ ಪಂಪಿಗೆ ಭಾರ ಬೀಳುತ್ತದೆ.

ಆಮೇಲೆ ಮೀಟರ್

ಎರಡು ಸಾಮಾನು ಬೇಕು. ಒಂದು ಮಾಮೂಲಿ ಮಲ್ಟಿಮೀಟರ್. ಇನ್ನೊಂದು ಕ್ಲ್ಯಾಂಪ್ ಮೀಟರ್, ಡಿಸಿ ಕರೆಂಟ್ ಅಳೆಯುವಂಥದ್ದು. ಕೊಳ್ಳುವಾಗ ಗಮನವಿಡಿ, ಅಗ್ಗದ ಕ್ಲ್ಯಾಂಪ್‌ಗಳಲ್ಲಿ ಕೆಲವು ಬರೀ ಎಸಿ ಅಳೆಯುತ್ತವೆ, ಅವು ಇಲ್ಲಿ ದಂಡ.

ಇಂಜಿನ್ ಹೊತ್ತಿಕೊಳ್ಳದ ಹಾಗೆ ಡೀಸೆಲ್ ನಿಲ್ಲಿಸುವ ಸೋಲೆನಾಯ್ಡಿನ (ವಿದ್ಯುತ್ ಅಯಸ್ಕಾಂತದಿಂದ ಕೆಲಸ ಮಾಡುವ ಭಾಗ) ಪ್ಲಗ್ ಬಿಚ್ಚಿ. ಬ್ಯಾಟರಿ ಟರ್ಮಿನಲ್ ಮೇಲೆ ವೋಲ್ಟ್ ಮೀಟರ್, ದಪ್ಪ ಕೇಬಲ್ ಸುತ್ತ ಕ್ಲ್ಯಾಂಪ್. ಒಬ್ಬರು ಐದು ಸೆಕೆಂಡ್ ಕೀ ತಿರುಗಿಸಲಿ, ಇನ್ನೊಬ್ಬರು ಎರಡೂ ಅಂಕಿ ಓದಿ ಬರೆದುಕೊಳ್ಳಲಿ. ಒಬ್ಬರೇ ಇದ್ದರೆ ಫೋನನ್ನು ಮೀಟರ್‌ಗಳ ಎದುರು ನಿಲ್ಲಿಸಿ ವಿಡಿಯೋ ಮಾಡಿ, ಧಕ್ ಲೆಕ್ಕವೂ ಅದರಲ್ಲೇ ಸಿಗುತ್ತದೆ.

ವೋಲ್ಟ್ ಒಂದನ್ನೇ ನೋಡಿ ತೀರ್ಪು ಕೊಡುವುದು ಎಲ್ಲರೂ ಮಾಡುವ ತಪ್ಪು. ವೋಲ್ಟ್ 9ಕ್ಕೆ ಇಳಿಯಿತು, ಬ್ಯಾಟರಿ ಸತ್ತಿದೆ ಅಂತ. ಬ್ಯಾಟರಿ ಸೋತು ಇಳಿದದ್ದೂ ಇರಬಹುದು, ಯಾರೋ ಅದರಿಂದ ಅತಿಯಾಗಿ ಎಳೆದು ಇಳಿದದ್ದೂ ಇರಬಹುದು. ಕರೆಂಟ್ ನೋಡದೆ ಗೊತ್ತಾಗಲ್ಲ.

ನಿಧಾನ ತಿರುಗುತ್ತಿದೆ, ಕರೆಂಟ್ ಕಡಿಮೆ, ವೋಲ್ಟೂ ಕಡಿಮೆ: ಬ್ಯಾಟರಿಯೇ ಕಳ್ಳ. ನಿಧಾನ ತಿರುಗುತ್ತಿದೆ, ಕರೆಂಟ್ ಕಡಿಮೆ, ಆದರೆ ಬ್ಯಾಟರಿ ಮೇಲೆ ವೋಲ್ಟ್ 11ರ ಹತ್ತಿರ ಆರಾಮಾಗಿ ನಿಂತಿದೆ: ದಾರಿಯಲ್ಲಿ ಯಾರೋ ತಡೆಯುತ್ತಿದ್ದಾರೆ. ಕೇಬಲ್, ಟರ್ಮಿನಲ್, ಸೆಲ್ಫ್‌ನ ಸೋಲೆನಾಯ್ಡಿನ ಕಾಂಟ್ಯಾಕ್ಟ್, ಸೆಲ್ಫ್‌ನ ಸವೆದ ಕಾರ್ಬನ್ ಬ್ರಶ್, ಇವುಗಳಲ್ಲಿ ಒಂದು. ನಿಧಾನ ತಿರುಗುತ್ತಿದೆ, ಕರೆಂಟ್ ಜಾಸ್ತಿ, ವೋಲ್ಟ್ ಕುಸಿಯುತ್ತಿದೆ: ಭಾರ ಜಾಸ್ತಿ ಇದೆ, ಇಲ್ಲವೇ ಸೆಲ್ಫ್ ಒಳಗೇ ಉಜ್ಜುತ್ತಿದೆ.

ಕೊನೆಯದು ಯಾಕೆ ಹೀಗೆ ಅಂತ ಊರಿನವರಿಗೆ ವಿವರಿಸಬೇಕಿಲ್ಲ. ಕೆಸರು ತುಂಬಿ ಬಿಗಿಯಾದ ಪಂಪಿನ ಮೋಟಾರ್ ಗುಂಯ್ ಅನ್ನುತ್ತಾ ತಿರುಗದೆ ಕಾದು ಕಾಯಿಲ್ ಸುಟ್ಟುಕೊಳ್ಳುವುದನ್ನು ಎಷ್ಟು ಸಲ ನೋಡಿಲ್ಲ! ಮೋಟಾರ್ ಎಷ್ಟು ನಿಧಾನ ತಿರುಗುತ್ತದೋ ಅಷ್ಟು ಜಾಸ್ತಿ ಕರೆಂಟ್ ನುಂಗುತ್ತದೆ. ಅದಕ್ಕೇ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ಮಧ್ಯೆ ಒಂದೆರಡು ನಿಮಿಷ ಬಿಡುವು ಕೊಡಿ.

ಭಾರವೋ ಸೆಲ್ಫಿನ ಒಳಗಿನ ತಕರಾರೋ ಅಂತ ಬಿಡಿಸುವುದು ಹೇಗೆ? ಬೆಚ್ಚಗಿನ ದಿನ ಮತ್ತೆ ಅಳೆಯಿರಿ. ಬುಷ್ ಸವೆದು ಉಜ್ಜುವ ಸೆಲ್ಫ್ ಬೇಸಿಗೆಯಲ್ಲೂ ಜಾಸ್ತಿ ಕರೆಂಟ್ ಕೇಳುತ್ತದೆ. ಆಯಿಲ್ಲಿನ ಭಾರ ಬಿಸಿಲಿಗೆ ಮಾಯವಾಗುತ್ತದೆ. ಇದಕ್ಕೇ ಅಕ್ಟೋಬರ್‌ನಲ್ಲೇ ಒಂದು ಸಲ ಅಳೆದು ಗೋಡೆ ಮೇಲೆ ಬರೆದಿಡಿ ಅನ್ನುವುದು. ನನ್ನ ಗಾಡಿಯದು 10 ಡಿಗ್ರಿಯಲ್ಲಿ 11 ವೋಲ್ಟ್, 140 ಆಂಪ್, ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಧಕ್. ನಿಮ್ಮದು ಬೇರೆ ಇರುತ್ತದೆ. ಬೇಕಾದದ್ದು ನಿಮ್ಮ ಗಾಡಿಯ ಅಂಕಿ.

ಕೇಬಲ್ ಪರೀಕ್ಷೆಗೆ ಬಿಚ್ಚಿ ನೋಡುವುದು ಬೇಡ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ. ಕೀ ತಿರುಗಿಸುವಾಗ ಓದಿ. 0.2 ವೋಲ್ಟ್ ಒಳಗಿದ್ದರೆ ಚೆನ್ನ, 0.5 ದಾಟಿದರೆ ಅರ್ತ್ ಕೇಬಲ್ಲಿನಲ್ಲಿ ದೋಷ. ಹಾಗೇ ಬ್ಯಾಟರಿಯ ಪ್ಲಸ್ಸಿನಿಂದ ಸೆಲ್ಫಿನ ದಪ್ಪ ಬೋಲ್ಟ್‌ವರೆಗೆ. ನನ್ನದರಲ್ಲಿ ಅರ್ತ್ ಕಡೆ 0.8 ಬಂತು. ಚಾಸಿಗೆ ಸೇರುವ ಜಾಗದಲ್ಲಿ ಬಣ್ಣದ ಮೇಲೇ ಬೋಲ್ಟ್ ಬಿಗಿದಿದ್ದರು, ಅದಕ್ಕೆ ರಸ್ತೆಗೆ ಹಾಕುವ ಉಪ್ಪು ಬೇರೆ ಸೇರಿ ಹಸಿರು ಪಾಚಿ ಕಟ್ಟಿತ್ತು. ಉಜ್ಜಿ ಬಿಗಿದೆ. ವಾಸಿ ಆಯಿತು, ಆದರೆ ಕಾಯಿಲೆ ಪೂರ್ತಿ ಹೋಗಲಿಲ್ಲ.

ಇನ್ನೊಂದು ಮಾತು. ಬ್ಯಾಟರಿ ಇಂಜಿನ್ ನಿಂತಾಗ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಪೂರ್ತಿ ಖಾಲಿಯಾದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಒಳಗೆ ಮಂಜುಗಡ್ಡೆ ಆಗುತ್ತದೆ. ಹೊಟ್ಟೆ ಉಬ್ಬಿದ್ದರೆ ಅದಕ್ಕೆ ಜಂಪರ್ ಕೇಬಲ್ ಹಾಕಬೇಡಿ, ಚಾರ್ಜರ್ ಕೂಡ ಬೇಡ. ಸಿಡಿಯಬಹುದು.

ಮೂರು ರಾತ್ರಿಯ ಪರೀಕ್ಷೆ

ಈಗ ಅಸಲು ವಿಷಯಕ್ಕೆ ಬರೋಣ. ಭಾರ ಜಾಸ್ತಿ ಅಂತ ಗೊತ್ತಾಯಿತು. ಇಂಜಿನ್ನಿನ ಭಾರವೋ, ಹೈಡ್ರಾಲಿಕ್ಕಿನ ಭಾರವೋ? ಪಂಪ್ ಬಿಚ್ಚಿಟ್ಟು ನೋಡುವುದು ಆಗದ ಮಾತು. ಹಾಗಾಗಿ ಒಂದೊಂದನ್ನೇ ಬೆಚ್ಚಗೆ ಮಾಡಿ ನೋಡಿದೆ. ಒಂದೇ ರೀತಿ ಚಳಿ ಇರುವ ನಾಲ್ಕು ಬೆಳಗುಗಳು ಬೇಕು. ಜನವರಿಯಲ್ಲಿ ಇಲ್ಲಿ ಅದಕ್ಕೇನೂ ಬರ ಇಲ್ಲ.

ಮೊದಲ ಬೆಳಿಗ್ಗೆ ಎಲ್ಲವೂ ತಣ್ಣಗೆ. ಮೈನಸ್ 22. ಹೊಸ ಬ್ಯಾಟರಿ, ಸ್ವಚ್ಛ ಮಾಡಿದ ಅರ್ತ್. 9.2 ವೋಲ್ಟ್, 290 ಆಂಪ್, ಸೆಕೆಂಡಿಗೆ ಎರಡು ಧಕ್.

ಮೊದಲ ರಾತ್ರಿ ಬ್ಯಾಟರಿ ಮಾತ್ರ ಮನೆಯೊಳಗೆ ತಂದು ಇಟ್ಟೆ. ಹೆಂಡತಿ ಮುಖ ಸಿಂಡರಿಸಿದಳು, ಅಡುಗೆಮನೆಯಲ್ಲಿ ಇಡಲಿಲ್ಲ ಅಂತ ಸಮಾಧಾನ ಹೇಳಿದೆ. ಬೆಳಿಗ್ಗೆ 9.8 ವೋಲ್ಟ್, 310 ಆಂಪ್, ಎರಡೂವರೆ ಧಕ್. ಬೆಚ್ಚಗಿನ ಬ್ಯಾಟರಿ ಇನ್ನಷ್ಟು ಕರೆಂಟ್ ಕೊಟ್ಟಿತು, ಆದರೂ ಇಂಜಿನ್ ಹೆಚ್ಚು ಕದಲಲಿಲ್ಲ. ಅಲ್ಲಿಗೆ ಬ್ಯಾಟರಿ ನಿರಪರಾಧಿ.

ಎರಡನೇ ರಾತ್ರಿ ಇಂಜಿನ್ ಬ್ಲಾಕ್ ಹೀಟರ್ ಮಾತ್ರ. 400 ವಾಟ್, ನಾಲ್ಕು ಗಂಟೆ. ಬ್ಲಾಕ್ ಬೆಚ್ಚಗಾಗಿತ್ತು. 9.6 ವೋಲ್ಟ್, 260 ಆಂಪ್, ಮೂರು ಧಕ್. ಬೆಚ್ಚಗಿನ ಸಿಲಿಂಡರ್ ಆದ್ದರಿಂದ ಇಂಜಿನ್ ಹೊತ್ತಿಕೊಳ್ಳುತ್ತಿತ್ತೇನೋ, ಆದರೆ ನಾನು ಪರೀಕ್ಷೆ ಮಾಡುತ್ತಿದ್ದದ್ದು ಭಾರವನ್ನು. ಭಾರ ಸ್ವಲ್ಪ ಇಳಿದಿತ್ತು, ಅಷ್ಟೇ.

ಮೂರನೇ ರಾತ್ರಿ ಇಂಜಿನ್ ತಣ್ಣಗೇ ಬಿಟ್ಟು, ಟ್ರಾನ್ಸ್‌ಮಿಶನ್ ಹೊಟ್ಟೆಗೆ 250 ವಾಟಿನ ಅಯಸ್ಕಾಂತದ ಹೀಟರ್ ಪ್ಯಾಡ್ ಅಂಟಿಸಿದೆ. ಬಿಸಿ ಗಾಳಿಗೆ ಹಾರಿ ಹೋಗದಂತೆ ಸುತ್ತ ತಗಡು ನಿಲ್ಲಿಸಿದೆ. ಹತ್ತು ಗಂಟೆ ಕಾಲ. ಬೆಳಿಗ್ಗೆ ಕೇಸಿಂಗ್ ಮುಟ್ಟಿದರೆ ತಣ್ಣಗೇ ಅನ್ನಿಸಿತು, ಥರ್ಮಾಮೀಟರ್ ಮಾತ್ರ ಸೊನ್ನೆಗಿಂತ ಮೇಲಿತ್ತು. ಕೀ ತಿರುಗಿಸಿದೆ. 10.2 ವೋಲ್ಟ್, 190 ಆಂಪ್, ನಾಲ್ಕೂವರೆ ಧಕ್!

ಕಳ್ಳ ಸಿಕ್ಕಿಬಿದ್ದ. ಬ್ಯಾಟರಿಯೂ ತಣ್ಣಗೆ, ಇಂಜಿನ್ನೂ ತಣ್ಣಗೆ, ಹೈಡ್ರಾಲಿಕ್ ಆಯಿಲ್ ಒಂದು ಬೆಚ್ಚಗಾದದ್ದಕ್ಕೆ 100 ಆಂಪ್ ಉಳಿಯಿತು.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಮಾಮೂಲಿ ಚಿಕ್ಕ ಟ್ರ್ಯಾಕ್ಟರ್‌ನಲ್ಲಿ ಟ್ರಾನ್ಸ್‌ಮಿಶನ್ ಹೊಟ್ಟೆಯೇ ಆಯಿಲ್ ಟ್ಯಾಂಕ್, ಪಂಪ್ ಅದಕ್ಕೇ ಅಂಟಿಕೊಂಡಿರುತ್ತದೆ, ಜೊತೆಗೇ ಬೆಚ್ಚಗಾಗುತ್ತದೆ. ಸೊಂಟದಲ್ಲಿ ಮಡಚಿ ತಿರುಗುವ, ಪ್ರತಿ ಚಕ್ರಕ್ಕೂ ಒಂದೊಂದು ಹೈಡ್ರಾಲಿಕ್ ಮೋಟಾರ್ ಇರುವ ಗಾಡಿಗಳಲ್ಲಿ ಹಾಗಲ್ಲ. ಟ್ಯಾಂಕ್ ಒಂದು ಕಡೆ, ಇಂಜಿನ್ ತುದಿಗೆ ಸಾಲಾಗಿ ಜೋಡಿಸಿದ ಪಂಪ್‌ಗಳು ಇನ್ನೊಂದು ಕಡೆ. ಟ್ಯಾಂಕ್ ಬೆಚ್ಚಗೆ ಮಾಡಿದರೂ ಪಂಪ್ ಮತ್ತು ಪೈಪಿನ ಒಳಗಿನದು ಜೋನಿ ಬೆಲ್ಲವಾಗಿಯೇ ಇರುತ್ತದೆ. ಅಂಥ ಗಾಡಿಗೆ ಪಂಪಿನ ಮೈಗೂ ಒಂದು ಸಣ್ಣ ಪ್ಯಾಡ್ ಬೇಕು, ಅಥವಾ ಒಂದು ರಾತ್ರಿ ಬಿಸಿ ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಬೇಕು. ತಣ್ಣಗೆ ಎಬ್ಬಿಸಲು ಕಷ್ಟ ಕೊಡುವುದರಲ್ಲಿ ಈ ಜಾತಿಯೇ ಮುಂದು. ಸುತ್ತಿಸಬೇಕಾದ ಪಂಪ್‌ಗಳೇ ಜಾಸ್ತಿ.

ಆಯಿಲ್ ಬದಲಾವಣೆ

ಆಯಿಲ್ ಬಸಿದಾಗ ಕಾರಣ ಗೊತ್ತಾಯಿತು. ನನಗಿಂತ ಮುಂಚೆ ಇದ್ದವರು ಯಾವುದೋ ದಪ್ಪ ಹೈಡ್ರಾಲಿಕ್ ಆಯಿಲ್ ತುಂಬಿಸಿದ್ದರು. ಬೆಚ್ಚಗಿನ ನಾಡಿನಲ್ಲಿ ಓಡಿದ ಗಾಡಿ ಇರಬೇಕು, ಅಲ್ಲಿ ಅದಕ್ಕೆ ಏನೂ ಆಗಿರಲಿಕ್ಕಿಲ್ಲ.

ಈ ಗಾಡಿಗಳಿಗೆ ಬೇಕಾದದ್ದು ಟ್ರ್ಯಾಕ್ಟರ್ ಟ್ರಾನ್ಸ್‌ಮಿಶನ್-ಹೈಡ್ರಾಲಿಕ್ ಆಯಿಲ್. ಗೇರ್, ಪಂಪ್, ಆಯಿಲ್‌ನಲ್ಲಿ ಮುಳುಗಿದ ಬ್ರೇಕ್, ಎಲ್ಲಕ್ಕೂ ಅದೊಂದೇ. ಚಳಿ ನಾಡಿಗೆ ಅಂತಲೇ ಅದರ ತೆಳು ಜಾತಿ ಸಿಗುತ್ತದೆ. ನಿಮ್ಮ ಮ್ಯಾನುಯಲ್ ಯಾವುದನ್ನು ಒಪ್ಪುತ್ತದೋ ಅದನ್ನೇ ಹಾಕಿ. ಸೀಮೆಎಣ್ಣೆ ಬೆರೆಸಿ ತೆಳು ಮಾಡುವ ಸಲಹೆ ಯಾರಾದರೂ ಕೊಟ್ಟರೆ ನಗುತ್ತಾ ಬೇಡ ಅನ್ನಿ. ಪಂಪಿನ ಪಿಸ್ಟನ್‌ಗಳಿಗೆ ಆ ಆಯಿಲ್ ಪದರವೇ ಜೀವ. ತೆಳು ಆಯಿಲ್ ಹಾಕಿದವರು ಜುಲೈ ಬಿಸಿಲಿನಲ್ಲಿ ಹುಲ್ಲು ಕತ್ತರಿಸುವಾಗ ಅದು ಸಾಲುತ್ತದೆಯೇ ಅಂತಲೂ ಮ್ಯಾನುಯಲ್‌ನಲ್ಲಿ ನೋಡಬೇಕು.

ಬಸಿದ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಆ ನೀರು ರಾತ್ರಿ ಕೆಳಗಿಳಿದು ಆಯಿಲ್ ಹೀರುವ ಜಾಲರಿ ಮೇಲೆ ಮಂಜುಗಡ್ಡೆಯಾಗುತ್ತದೆ. ಆಗ ಇಂಜಿನ್ ಎದ್ದರೂ ಪಂಪಿಗೆ ಆಯಿಲ್ ಸಿಗದೆ "ಕುಂಯ್" ಅನ್ನುವ ತೀಕ್ಷ್ಣ ಸದ್ದು ಬರುತ್ತದೆ. ಅರ್ಧ ನಿಮಿಷದಲ್ಲಿ ಆ ಸದ್ದು ಇಳಿಯದಿದ್ದರೆ ಇಂಜಿನ್ ಆಫ್ ಮಾಡಿ. ಬಿಸಿಲು ಬರುವ ತನಕ ಕಾಯುವುದೇ ಅಗ್ಗ.

ಇಂಜಿನ್ ಆಯಿಲ್ ಕೂಡ ನೋಡಿಕೊಳ್ಳಿ. ನಮ್ಮ ಊರಿನ ಡೀಸೆಲ್ ಗಾಡಿಗಳ ಮಾಮೂಲು 15ಡಬ್ಲ್ಯೂ-40 ದರ್ಜೆಯ ಆಯಿಲ್. ತಣ್ಣಗಿನ ಇಂಜಿನ್ ತಿರುಗಿಸುವ ಪರೀಕ್ಷೆಯನ್ನು ಎಸ್‌ಎಇ (ಆಯಿಲ್ ದರ್ಜೆ ನಿಗದಿ ಮಾಡುವ ಸಂಸ್ಥೆ) ಪ್ರಕಾರ 15ಡಬ್ಲ್ಯೂಗೆ ಮೈನಸ್ 20ರಲ್ಲಿ ಮಾಡುತ್ತಾರೆ, 5ಡಬ್ಲ್ಯೂಗೆ ಮೈನಸ್ 30ರಲ್ಲಿ. ಮೈನಸ್ 25 ನೋಡುವ ಊರಿನಲ್ಲಿ 15ಡಬ್ಲ್ಯೂ ಹಾಕಿಕೊಂಡು ಬ್ಯಾಟರಿಯನ್ನು ಬೈಯುವುದು ನ್ಯಾಯ ಅಲ್ಲ. ನಾನು 5ಡಬ್ಲ್ಯೂ-40 ಹಾಕಿದೆ.

ಎರಡೂ ಬದಲಿಸಿದ ಮೇಲೆ ಯಾವ ಹೀಟರ್ ಇಲ್ಲದೆ ಮೈನಸ್ 21ರಲ್ಲಿ 10.1 ವೋಲ್ಟ್, 195 ಆಂಪ್, ನಾಲ್ಕೂವರೆ ಧಕ್ ಬಂತು. ಸೆಲ್ಫ್ ಹಳೆಯದೇ, ಇನ್ನೂ ಅದೇ ಓಡುತ್ತಿದೆ.

ಎದ್ದ ಮೇಲೆ

ಆಕ್ಸಿಲರೇಟರ್ ಅರ್ಧಕ್ಕಿಟ್ಟು ಸ್ಟಾರ್ಟ್ ಮಾಡಿ. ತೀರಾ ಕಡಿಮೆಗಿಟ್ಟರೆ ಇಂಜಿನ್ ಹೊತ್ತಿಕೊಂಡು, ಸೆಲ್ಫ್ ಬಿಟ್ಟ ಕೂಡಲೇ ತಣ್ಣನೆಯ ಪಂಪಿನ ಭಾರಕ್ಕೆ ಕುಸಿದು ನಿಲ್ಲುತ್ತದೆ. ಇದನ್ನು ಡೀಸೆಲ್ ತೊಂದರೆ ಅಂತ ಫಿಲ್ಟರ್ ಬದಲಿಸಿದವರನ್ನು ನಾನು ಬಲ್ಲೆ. ಎದ್ದ ಮೇಲೆ ನಿಮಿಷಕ್ಕೆ 1200 ಸುತ್ತಿನ ಹತ್ತಿರ ಇಳಿಸಿ ಬಿಡಿ. ಮೈನಸ್ 10ರಿಂದ 20ರ ನಡುವೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಪೆಡಲ್ ಒತ್ತಿ ಓಡಿಸಲು ಹೋಗಬೇಡಿ, ಲೋಡರ್ ಕೂಡ ಎತ್ತಬೇಡಿ. ಒಳಗೆ ಹೋಗಿ ಕಾಫಿ ಕುಡಿದು ಬನ್ನಿ. ಗ್ಯಾರೇಜಿನೊಳಗೆ ಇಂಜಿನ್ ಓಡಿಸುತ್ತಾ ಬಿಡಬೇಡಿ, ಬಾಗಿಲು ತೆರೆದಿದ್ದರೂ ಸಾಲದು, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಸುಲಭದಲ್ಲಿ ಎಬ್ಬಿಸುತ್ತೇನೆ ಅಂತ ಈಥರ್ ಸ್ಪ್ರೇ ಹೊಡೆಯಬೇಡಿ. ಗ್ಲೋ ಪ್ಲಗ್ ಕೆಂಪಗೆ ಕಾದಿರುವಾಗ ಅದು ಒಳಗೇ ಸಿಡಿದು ಪಿಸ್ಟನ್ ಒಡೆಯುತ್ತದೆ. ಆಯಿಲ್ ಟ್ಯಾಂಕಿನ ಕೆಳಗೆ ಗ್ಯಾಸ್ ಬರ್ನರ್ ಹಿಡಿಯುವ ಸಾಹಸವೂ ಬೇಡ.

ಮೈನಸ್ 25 ಕೆಳಗೆ ಹೋಗುವ ದಿನ ಈಗಲೂ ನಾನು ಬ್ಲಾಕ್ ಹೀಟರ್ ಮತ್ತು ಪ್ಯಾಡ್ ಎರಡನ್ನೂ ಟೈಮರ್‌ಗೆ ಹಾಕಿ ಬೆಳಗಿನ ಜಾವ ಎರಡಕ್ಕೆ ಆನ್ ಆಗುವಂತೆ ಇಡುತ್ತೇನೆ. ಎರಡೂ ಸೇರಿ 650 ವಾಟ್, ಇಲ್ಲಿನ 120 ವೋಲ್ಟ್‌ನಲ್ಲಿ ಐದೂವರೆ ಆಂಪ್ ಒಳಗೆ. ಹೊರಗಡೆ ಬಳಸುವ ದಪ್ಪ ವೈರ್ ಬೇಕು, ಮನೆಯೊಳಗಿನ ತೆಳು ಎಕ್ಸ್‌ಟೆನ್ಷನ್ ಚಳಿಗೆ ಬಿರುಸಾಗಿ ಸೀಳುತ್ತದೆ. ಆ ವೈರನ್ನು ಸ್ಟೀರಿಂಗ್ ಚಕ್ರಕ್ಕೆ ಒಂದು ಸುತ್ತು ಹಾಕಿಯೇ ಪ್ಲಗ್‌ಗೆ ಸಿಕ್ಕಿಸುತ್ತೇನೆ. ಒಂದು ಸಲ ಬಿಚ್ಚಲು ಮರೆತು, ಗ್ಯಾರೇಜಿನಿಂದ ರಸ್ತೆವರೆಗೂ ಎಳೆದುಕೊಂಡು ಹೋಗಿದ್ದೆ.